ನಿಂಗಾಜಿಯ ಹುಚ್ಚೆಳ್ಳು ಸಾಲು

ಬಾ ಕೂಸೆ, ಕಾಲು ಮಡಚ್ಕೊಂಡು ಮಲ್ಕೋ, ಕಂಬಳಿ ನಾನು ಹೊದಿಸ್ತೀನಿ. ಕತೆ ಹೇಳ್ತೀನಿ, ಆದ್ರೆ ಮಧ್ಯ ಮಧ್ಯ ಹ್ಞೂಂ ಅಂತಿರಬೇಕು. ಅನ್ನಲಿಲ್ಲ ಅಂದ್ರೆ ನಿಂಗೆ ನಿದ್ದೆ ಬಂತು ಅಂದ್ಕೊಂಡು ನಾನೂ ಮಗ್ಗುಲು ತಿರುಗಿಬಿಡ್ತೀನಿ.

ಒಂದಾನೊಂದು ಕಾಲ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರಲಿಲ್ಲವಂತೆ, ಅಂಥ ಕಾಲದಲ್ಲಿ ಬೆಟ್ಟದ ಸೆರಗಿನಲ್ಲಿ ಒಂದು ಊರಿತ್ತಂತೆ. ಆ ಊರಿನ ಒಂದು ಮನೇಲಿ ಮೂರು ಜನ ಅಣ್ಣತಮ್ಮಂದಿರು. ಅಪ್ಪ ಕಣ್ಣು ಮುಚ್ಚಿದ ಮೇಲೆ ಹೊಲ ಪಾಲಾಯ್ತಂತೆ. ದೊಡ್ಡವನು ಕೆರೆ ಕೆಳಗಿನ ಹೊಲ ತಗೊಂಡ, ಅಲ್ಲಿ ಊರುಗೋಲು ನೆಟ್ಟರೂ ಚಿಗುರುತ್ತಿತ್ತಂತೆ. ನಡುವಲವನು ಮನೆ ಹಿಂದಿನ ಹೊಲ ತಗೊಂಡ, ಅಲ್ಲಿಗೆ ಗೊಬ್ಬರ ಹೊರೋಕೆ ಹತ್ತು ಹೆಜ್ಜೆ ಸಾಕಂತೆ. ಕಿರಿಯವನು ಬೋರ. ಬಾಯಿಲ್ಲದ ಮನುಷ್ಯ, ಅಣ್ಣಂದಿರು ಏನು ಹೇಳಿದ್ರೂ ತಲೆ ಆಡಿಸೋನು. ಅವನ ಪಾಲಿಗೆ ಬಂದಿದ್ದು ದನದ ದಾರಿ ಹೊಲ.

ದನದ ದಾರಿ ಹೊಲ ಅಂದ್ರೆ ಏನು ಗೊತ್ತಾ? ಊರ ದನವೆಲ್ಲ ಬೆಳಗ್ಗೆ ಬೆಟ್ಟಕ್ಕೆ ಮೇಯೋಕೆ ಹೋಗೋದು ಆ ಹೊಲದ ಪಕ್ಕದಲ್ಲೇ, ಸಂಜೆ ಬರೋದೂ ಅಲ್ಲೇ. ಹೋಗ್ತಾ ಒಂದು ಬಾಯಿ, ಬರ್ತಾ ಒಂದು ಬಾಯಿ. ನೂರು ದನ ಒಂದೊಂದು ಬಾಯಿ ಹಾಕಿದ್ರೆ ಆ ಹೊಲದಲ್ಲಿ ಉಳಿಯೋದು ಏನು, ಬರೀ ಗೊರಸಿನ ಗುರುತು. ಅದಕ್ಕೇ ಅಲ್ಲಿ ಯಾರೂ ಯಾವತ್ತೂ ಬೆಳೆ ತೆಗೆದಿರಲಿಲ್ಲವಂತೆ. ಮುಳ್ಳಿನ ಬೇಲಿ ಹಾಕಿದ್ರೆ ಗೆದ್ದಲು ತಿಂತು, ಕಲ್ಲು ಪೇರಿಸಿದ್ರೆ ಹೋರಿಗಳು ಕೊಂಬಿನಲ್ಲಿ ಕೆಡವಿ ಹಾಕಿದ್ವು.

ಇನ್ನೊಂದು ತೊಡಕೂ ಇತ್ತಂತೆ. ಆ ಹೊಲ ಒಂದು ಕಾಲದಲ್ಲಿ ಊರ ಗೋಮಾಳ. ಊರಗೌಡ ಕಟ್ಟಳೆ ಹೇಳಿದ್ನಂತೆ, ನೋಡು ಬೋರ, ಮೂರು ವರ್ಷ ಒಂದೇ ಸಮ ಇಲ್ಲಿ ಬೆಳೆದು ಕಣ ಮಾಡು, ಹೊಲ ನಿನ್ನದು. ಒಂದು ವರ್ಷ ತಪ್ಪಿದ್ರೂ ಹೊಲ ಮತ್ತೆ ದನಕ್ಕೇ. ಬೋರ ಅದಕ್ಕೂ ತಲೆ ಆಡಿಸಿದ.

ಆದ್ರೆ ಬೋರನ ಹೆಂಡ್ತಿ ನಿಂಗಾಜಿ ತಲೆ ಆಡಿಸೋ ಪೈಕಿ ಅಲ್ಲ. ಅವಳಿಗೆ ಒಂದೇ ಒಂದು ಆಸೆ, ತನ್ನದು ಅಂತ ಒಂದು ಒಲೆ. ಸ್ವಂತ ಹೊಲ ಇಲ್ಲದೋರಿಗೆ ಬೇರೆ ಒಲೆ ಹೂಡೋ ಹಾಗಿರಲಿಲ್ಲವಂತೆ ಆ ಊರಲ್ಲಿ. ಅದಕ್ಕೆ ಅವಳು ವಾರಗಿತ್ತಿಯರ ಅಡುಗೆಮನೇಲಿ ಎಲ್ಲರ ಊಟ ಆದ್ಮೇಲೆ ಮಡಕೆ ತಳ ಕೆರೆದು ಉಣ್ಣಬೇಕು. ದೊಡ್ಡ ವಾರಗಿತ್ತಿ ಮುದ್ದೆ ಹಾಕೋವಾಗ ಅಂತಿದ್ಳಂತೆ, ತಿನ್ನಮ್ಮ ತಿನ್ನು, ದನದ ದಾರಿಯಿಂದ ನಮಗೂ ಒಂದು ದಿನ ರಾಗಿ ಬರುತ್ತೆ ಅಲ್ವಾ ಅಂತ. ಆ ಮುದ್ದೆ ಗಂಟಲಲ್ಲಿ ಇಳಿಯುತ್ತಾ ಹೇಳು. ಈ ಹೊಲ ಹೋದ್ರೆ ಸಾಯೋತನಕ ಇದೇ ಮುದ್ದೆ ಅಂತ ನಿಂಗಾಜಿಗೆ ಗೊತ್ತಿತ್ತು.

ಒಂದು ದಿನ ಸೌದೆಗೆ ಅಂತ ಬೆಟ್ಟಕ್ಕೆ ಹೋದ್ಳಂತೆ. ಕಾರ್ತಿಕ ಮಾಸ. ಬೆಟ್ಟದ ಮೈಯೆಲ್ಲ ದನ ಮೇಯ್ದು ಬೋಳಾಗಿದೆ, ಆದ್ರೆ ಒಂದು ಕಡೆ ಮಾತ್ರ ಎದೆಮಟ್ಟ ಗಿಡ, ಗಿಡದ ತುಂಬ ಅರಿಶಿನದಂಥ ಹೂವು. ಏನಪ್ಪಾ ಇದು, ಸುತ್ತ ಹುಲ್ಲುಕಡ್ಡಿ ಇಲ್ಲ, ಇದನ್ನ ಮಾತ್ರ ಯಾರೂ ಮುಟ್ಟಿಲ್ಲ ಅಂತ ಸೌದೆ ಹೊರೆ ಇಳಿಸಿ ಕೂತ್ಳು. ಒಂದು ಕೆಂದ ಹಸು ಬಂತು, ಮೂಸಿತು, ಮೂತಿ ಕೊಡವಿ ಹೋಯ್ತು. ಆಮೇಲೆ ಒಂದು ಎಮ್ಮೆ ಬಂತು, ಒಂದು ಎಲೆ ಕಚ್ಚಿ ಥೂ ಅಂತ ಉಗಿದು ಹೋಯ್ತು. ಆಮೇಲೆ ಗೌಡನ ಹೋರಿ ಬಂತು, ಊರಲ್ಲಿ ಮನೆ ಸೂರಿನ ಸೋಗೆಯನ್ನೂ ಕಿತ್ತು ತಿನ್ನೋ ಹೋರಿ ಅದು, ಅದೂ ಮೂಸಿ ಬಾಲ ತಿರುವಿ ಹೋಯ್ತಂತೆ. ನಿಂಗಾಜಿಗೆ ಸೌದೆ ಮರೆತೇ ಹೋಯ್ತು. ಹಾಗಾದ್ರೆ ಈ ಗಿಡವನ್ನೇ ನನ್ನ ಹೊಲಕ್ಕೆ ಕಾವಲು ಹಾಕಿದ್ರೆ ಅಂತ ಅವಳಿಗೆ ಹೊಳೀತಂತೆ.

ಆಮೇಲೆ ಹೂವು ಉದುರಿ ತಲೆ ಒಣಗೋತನಕ ಕಾದು, ಒಂದು ತಿಂಗಳು ದಿನಾ ಬೆಟ್ಟ ಹತ್ತಿ, ಒಣಗಿದ ತಲೆಗಳನ್ನ ಕೈಯಲ್ಲಿ ಉಜ್ಜಿ ಉಜ್ಜಿ ಬೀಜ ಉದುರಿಸಿ, ಮಡಿಲಲ್ಲಿ ಕಟ್ಕೊಂಡು ತಂದ್ಳಂತೆ. ಸಣ್ಣ ಕರೀ ಬೀಜ, ಕಾಡಿಗೆ ಹಚ್ಚಿದ ಹಾಗೆ ಮಿರಿಮಿರಿ. ಒಂದು ತಿಂಗಳಿಗೆ ಒಂದು ಸೇರು. ವಾರಗಿತ್ತಿಯರು ಮೂಗು ಮುರಿದ್ರು. ಜನ ಹೊಲದ ಕಳೆ ಕಿತ್ತು ಬೆಟ್ಟಕ್ಕೆ ಎಸೀತಾರೆ, ಇವಳು ಬೆಟ್ಟದ ಕಳೆ ತಂದು ಹೊಲಕ್ಕೆ ಹಾಕ್ತಾಳೆ, ಇವಳಿಗೆ ಹುಚ್ಚು ಅಂದ್ರಂತೆ. ಆ ಗಿಡಕ್ಕೆ ಹುಚ್ಚೆಳ್ಳು ಅಂತ ಹೆಸರು ಬಂದಿದ್ದು ಅವರ ಬಾಯಿಂದಲೇ ಅಂತಾರೆ, ನಂಗೆ ಗೊತ್ತಿಲ್ಲಪ್ಪ, ನಾನು ಅಲ್ಲಿರಲಿಲ್ಲ.

ಆಷಾಢ ಬಂತು, ಮಳೆ ಬಂತು, ಬಿತ್ತನೆ. ನಿಂಗಾಜಿ ಏನು ಮಾಡಿದ್ಳು, ರಾಗಿ ಬೀಜಕ್ಕೆ ಹುಚ್ಚೆಳ್ಳು ಬೀಜ ಬೆರೆಸಿ ಹೊಲದ ತುಂಬ ಎರಚಿಬಿಟ್ಳಂತೆ. ಪಾಪ, ಹೊಸಬಳು. ಕಾಡಲ್ಲಿ ಬೆಳೆದ ಗಿಡ, ಉತ್ತ ಮಣ್ಣು ಸಿಕ್ಕಿದ್ದೇ ತಡ, ಹೆಗಲೆತ್ತರ ಬೆಳೀತು. ದನ ಒಳಗೆ ಕಾಲಿಡಲಿಲ್ಲ, ನಿಜ. ಆದ್ರೆ ರಾಗಿಗೆ ಬಿಸಿಲು ಸಿಗಲಿಲ್ಲ. ಮುಷ್ಟಿ ಕಟ್ಟಬೇಕಾದ ತೆನೆ ಕಿರುಬೆರಳಷ್ಟೂ ಇಲ್ಲ. ಬಡಿದು ತೂರಿದ್ರೆ ಎಲ್ಲ ಸೇರಿ ನಾಲ್ಕು ಮೊರ ರಾಗಿ ಆಯ್ತಂತೆ. ಗೌಡ ಬಂದು ನೋಡಿದ, ಮೀಸೆಯಲ್ಲೇ ನಕ್ಕ, ನಾಲ್ಕು ಮೊರವಾದ್ರೂ ಕಣ ಕಣವೇ, ಒಂದಾಯ್ತು ಅಂದ.

ಆದ್ರೆ ಕೂಸೆ, ಹುಚ್ಚೆಳ್ಳು ಮಾತ್ರ ಒಂದು ಚೀಲ ಆಗಿತ್ತು. ಹುರಿದು ಕುಟ್ಟಿ, ಉಪ್ಪು ಮೆಣಸಿನಕಾಯಿ ಹಾಕಿ ಮುದ್ದೆಗೆ ನಂಚ್ಕೊಂಡು ನೋಡಿದ್ಳಂತೆ, ಬೋರ ಆವತ್ತು ಮೂರು ಮುದ್ದೆ ಉಂಡ. ಬಿತ್ತನೆಗೆ ಒಂದಿಷ್ಟು ಎತ್ತಿಟ್ಟು, ಮಿಕ್ಕಿದ್ದನ್ನ ಗಾಣಕ್ಕೆ ಹೊತ್ಕೊಂಡು ಹೋದ್ಳು. ಗಾಣಿಗ ಮೊದಲು ನಕ್ಕ, ಆಮೇಲೆ ಎತ್ತು ನಾಲ್ಕು ಸುತ್ತು ಬಂದ ಮೇಲೆ ಬಾಯಿ ಬಿಟ್ಕೊಂಡು ನೋಡಿದ. ಕಣಿವೆಯಿಂದ ನೀರು ಬಂದ ಹಾಗೆ ಎಣ್ಣೆ ಬಂತಂತೆ.

ಹ್ಞೂಂ ಅಂತೀಯಾ ಇಲ್ವಾ? ಹಾಂ.

ಎರಡನೇ ವರ್ಷ ನಿಂಗಾಜಿ ಬುದ್ಧಿ ಕಲಿತಿದ್ಳು. ಹೊಲದ ತುಂಬ ರಾಗಿ, ನಾಲ್ಕು ಅಂಚಿಗೂ ಹುಚ್ಚೆಳ್ಳಿನ ಸಾಲು. ಬೀಜ ಸಣ್ಣದು, ಕೈಯಿಂದ ಜಾರಿ ಒಂದೇ ಕಡೆ ಬೀಳುತ್ತೆ, ಅದಕ್ಕೆ ಬೂದಿ ಮರಳು ಬೆರೆಸಿ ಬೊಗಸೆ ಬೊಗಸೆ ಎಚ್ಚರವಾಗಿ ಬಿಟ್ಳಂತೆ. ಗಿಡ ಬಂತು, ಗೋಡೆ ನಿಂತ ಹಾಗೆ ನಿಂತಿತು. ಬೆಳಗ್ಗೆ ದನ ಬಂದ್ವು, ಮೂಸಿದ್ವು, ಮೂತಿ ಕೊಡವಿ ಬೆಟ್ಟದ ಕಡೆ ನಡೆದ್ವು. ಸಂಜೆ ಬಂದ್ವು, ಹಾಗೇ ಕೊಟ್ಟಿಗೆ ಕಡೆ ನಡೆದ್ವು. ಸಾಲಿನ ಒಳಗೆ ರಾಗಿ ತೆನೆ ಬಾಗಿ ಬಾಗಿ ನಿಂತಿದೆ. ಮೊದಲ ಹಳದಿ ಹೂವು ಅರಳಿದ ದಿನ ನಿಂಗಾಜಿ ಬದುವಿನ ಮೇಲೆ ಕೂತು ಅತ್ತುಬಿಟ್ಳಂತೆ. ಸಂತೋಷಕ್ಕೂ ಅಳು ಬರುತ್ತೆ ಕೂಸೆ, ದೊಡ್ಡವಳಾದ್ಮೇಲೆ ನಿಂಗೇ ಗೊತ್ತಾಗುತ್ತೆ.

ಅತ್ತು ಕಣ್ಣೊರೆಸ್ಕೊಂಡು ಗಂಡನಿಗೆ ಅಂದ್ಳಂತೆ, ನಮ್ಮ ಪುಣ್ಯಕ್ಕೆ ಯಾರೋ ಕಾಯ್ತಿದಾರೆ, ಬಾಯಲ್ಲಿ ಅಂದ್ರೆ ಸಾಲದು, ಗುಡ್ಡದಮ್ಮನಿಗೆ ಏನಾದ್ರೂ ಒಪ್ಪಿಸಬೇಕು. ಗುಡ್ಡದಮ್ಮ ಅಂದ್ರೆ ಬೇವಿನ ಮರದ ಕೆಳಗಿನ ಊರದೇವರು. ಇವರ ಹತ್ರ ಒಪ್ಪಿಸೋಕೆ ಏನಿದೆ? ಕೋಳಿ ಇಲ್ಲ, ತೆಂಗಿನಕಾಯಿ ಇಲ್ಲ. ಬೋರ ತಲೆ ಕೆರ್ಕೊಂಡು, ಹೊಲದ ಮೂಲೆಯ ಹೊಂಗೆ ಮರದ ಪೊಟರೇಲಿ ತುಡುವೆ ಜೇನು ಕಟ್ಟಿದೆ ಅಂದ.

ಜೇನು ತೆಗೆಯೋರು ಎಲ್ಲ ಊರಲ್ಲೂ ಅರ್ಧ ಎರಿ, ಅಂದ್ರೆ ಮೇಣದ ಹಲ್ಲೆ, ತೆಗೆದು ಅರ್ಧ ಬಿಡ್ತಾರೆ. ಆದ್ರೆ ಈ ಊರೋರಿಗೆ ಒಂದು ನೇಮ. ದೇವರಿಗೆ ಇಡೋದು ಮುಕ್ಕಾಗಿರಬಾರದು. ಬಾಳೆಹಣ್ಣಿಟ್ಟರೆ ಇಡೀ ಚಿಪ್ಪು ಇಡಬೇಕು, ಹೂವಿಟ್ಟರೆ ದಳ ಉದುರಿರಬಾರದು. ಹಾಗಿದ್ಮೇಲೆ ಅರ್ಧ ಜೇನು ಇಡೋದುಂಟಾ? ಅದಕ್ಕೆ ಬೋರ ಹಸಿ ಸೊಪ್ಪಿನ ಹೊಗೆ ಹಾಕಿ, ಮರಿ ಇರೋ ಎರಿ, ಜೇನುತುಪ್ಪ ಇರೋ ಎರಿ ಎಲ್ಲಾ ಒಂದೂ ಬಿಡದೆ ಇಡಿಯಾಗಿ ತೆಗೆದ. ಪೊಟರೇಲಿ ಹಾವು ಸೇರೀತು ಅಂತ ಮಣ್ಣು ಮೆತ್ತಿ ಮುಚ್ಚಿದ. ನಿಂಗಾಜಿ ಮಿಂದು ಮಡಿ ಉಟ್ಟು, ಆ ಜೇನನ್ನ ಮಡಕೆ ತುಂಬ ಒಯ್ದು ಗುಡ್ಡದಮ್ಮನ ಮುಂದೆ ಇಟ್ಟು, ತಾಯೀ ಹೊಟ್ಟೆ ತಣ್ಣಗಾಯ್ತು ಅಂತ ಅಡ್ಡಬಿದ್ದು ಬಂದ್ಳಂತೆ.

ಆಮೇಲೆ ರಾಗಿ ಕೊಯ್ದರು, ಕಣ ಆಯ್ತು, ಗೌಡ ಎರಡು ಅಂದ. ಎಲ್ಲಾ ಸರಿ. ಇನ್ನು ಹುಚ್ಚೆಳ್ಳು ಬಡಿಯೋಣ ಅಂತ ಗಿಡ ಕೊಯ್ದು ಒಣಗಿಸಿ ಬಡಿದ್ಳು, ಮೊರಕ್ಕೆ ಹಾಕಿ ಕೇರಿದ್ಳು. ಕೇರಿದ್ದೆಲ್ಲ ಗಾಳೀಲಿ ಹಾರಿಹೋಯ್ತು. ಇನ್ನೊಂದು ಮೊರ ಕೇರಿದ್ಳು, ಅದೂ ಹಾರಿಹೋಯ್ತು. ತಲೆ ಬಿಡಿಸಿ ನೋಡ್ತಾಳೆ, ಒಳಗೆ ಏನೂ ಇಲ್ಲ, ಬರೀ ಜೊಳ್ಳು. ಬೆಟ್ಟಕ್ಕೆ ಓಡಿದ್ಳು, ಅಲ್ಲಿನ ಗಿಡವೂ ಜೊಳ್ಳೇ. ಮನೇಲಿ ಒಂದು ಹಿಡಿ ಬೀಜ ಎತ್ತಿಟ್ಟಿರಲಿಲ್ಲ, ಇದ್ದಿದ್ದೆಲ್ಲ ಬಿತ್ತಿ ಆಗಿತ್ತು. ಎರಡು ಕಣ ಆಗಿದೆ, ಇನ್ನೊಂದೇ ಒಂದು. ಬೀಜ ಇಲ್ಲ ಅಂದ್ರೆ ಸಾಲಿಲ್ಲ, ಸಾಲಿಲ್ಲ ಅಂದ್ರೆ ರಾಗಿ ದನದ ಪಾಲು, ಹೊಲ ಹೋಯ್ತು, ಒಲೆ ಹೋಯ್ತು.

ದೊಡ್ಡ ವಾರಗಿತ್ತಿ ಹೇಳಿದ್ಳಂತೆ, ನೀನು ಇಟ್ಟ ಜೇನು ಸಾಲದೇ ಹೋಗಿರುತ್ತೆ, ಅಮ್ಮ ಮುನಿಸ್ಕೊಂಡಿದಾಳೆ, ಇನ್ನೆರಡು ಮಡಕೆ ಇಡು. ನಡುವಲ ವಾರಗಿತ್ತಿ ಹೇಳಿದ್ಳಂತೆ, ನೀನು ಎಡಗಾಲು ಮುಂದಿಟ್ಟು ಗುಡಿಗೆ ಹೋದೆ, ನಾನೇ ನೋಡಿದ್ದೀನಿ. ನಿಂಗಾಜಿ ಸುತ್ತಮುತ್ತ ಎಲ್ಲ ಮರ ಹುಡುಕಿದ್ಳು, ಎಲ್ಲೂ ಒಂದು ಜೇನುಹುಳದ ಸದ್ದಿಲ್ಲ. ಕೊನೆಗೆ ಬರಿಗೈಲಿ, ಮಟಮಟ ಮಧ್ಯಾಹ್ನ ಗುಡ್ಡದಮ್ಮನ ಮುಂದೆ ಹೋಗಿ ಕೂತು, ಅಮ್ಮಾ ತಾಯಿ, ಕೋಪ ಮಾಡ್ಕೋಬೇಡ, ಕೊಡೋಕೆ ನನ್ನ ಹತ್ರ ಇನ್ನೇನೂ ಇಲ್ಲ ಅಂತ ಬಾಯಿ ಬಡ್ಕೊಂಡು ಅತ್ತಳಂತೆ.

ಆಗ ಬೇವಿನ ಮರದ ಹಿಂದಿನಿಂದ ಒಂದು ಮುದುಕಿ ಬಂದ್ಳಂತೆ, ಎಲೆಅಡಿಕೆ ಮೆಲ್ತಾ. ಗುಡ್ಡದಮ್ಮನೇ ಅವಳು. ಸ್ವಲ್ಪ ಸಿಡುಕಿ, ನಿಮ್ಮಜ್ಜಿ ಹಾಗೆ.

ಯಾಕಮ್ಮ ಹಿಂಗೆ ಅರಚ್ತೀಯ, ಈಗ ತಾನೇ ಕಣ್ಣು ಹತ್ತಿತ್ತು ಅಂದ್ಳಂತೆ. ನಿಂಗಾಜಿ, ತಾಯೀ ನನ್ನ ಜೇನು ಸಾಲದೇ ಹೋಯ್ತಾ ಅಂತ ಕೇಳಿದ್ಳು. ಗುಡ್ಡದಮ್ಮ ಕೆನ್ನೆ ಹಿಡ್ಕೊಂಡು, ನಿನ್ನ ಜೇನಿನ ಮನೆ ಹಾಳಾಗ, ನಂಗೆ ಸಿಹಿ ಮುಟ್ಟಿದ್ರೆ ಹಲ್ಲು ಜುಂ ಅನ್ನುತ್ತೆ, ಅದಕ್ಕೆ ಇರುವೆ ಮುತ್ಕೊಂಡು ಮೂರು ದಿನ ನಂಗೆ ನಿದ್ದೆ ಇಲ್ಲ, ಅದನ್ನ ಯಾಕೆ ತಂದಿಟ್ಟೆ ಅಂತ ಬೈದ್ಳಂತೆ. ನಿಂಗಾಜಿ, ನೀನು ನನ್ನ ಹೊಲ ಕಾಯ್ದೆ, ಅದಕ್ಕೆ ಇಟ್ಟೆ ಅಂದ್ಳು. ಗುಡ್ಡದಮ್ಮ ಅಂದ್ಳಂತೆ, ನಾನು ಯಾವಾಗ ಕಾಯ್ದೆ? ನಾನು ಇಲ್ಲೇ ನೆರಳಲ್ಲಿ ಕೂತಿದ್ದೆ. ಮಾಡದೇ ಇರೋ ಕೆಲಸಕ್ಕೆ ನಂಗೆ ಕೈ ಮುಗೀಬೇಡ, ನಾಚಿಕೆ ಆಗುತ್ತೆ. ಯಾರು ಮಾಡಿದ್ರೋ ಅವರನ್ನ ಹುಡುಕ್ಕೊಂಡು ಹೋಗು. ಹಾಗಂದು ಮರದ ಹಿಂದೆ ಹೋಗಿ ಮತ್ತೆ ಕಲ್ಲಾಗಿ ಕೂತ್ಳಂತೆ.

ಯಾರು ಮಾಡಿದ್ರು? ನಿಂಗಾಜಿ ಯೋಚನೆ ಮಾಡ್ತಾ ಮಾಡ್ತಾ ಹೊರಟ್ಳು. ದಾರೀಲಿ ಕೆಂದ ಹಸು ಸಿಕ್ತಂತೆ. ತಾಯೀ, ನನ್ನ ಹೊಲ ಮೇಯದೆ ಬಿಟ್ಟೆಯಲ್ಲ, ನಿನಗೆ ಶರಣು ಅಂತ ಅದರ ಕಾಲು ಮುಟ್ಟೋಕೆ ಹೋದ್ಳು. ಹಸು ಕಾಲು ಹಿಂದಕ್ಕೆ ಎಳ್ಕೊಂಡು, ನಿನ್ನ ಮೇಲಿನ ಪ್ರೀತಿಗೆ ಬಿಟ್ಟೆ ಅಂದ್ಕೊಂಡ್ಯಾ, ಆ ಸೊಪ್ಪಿನ ನಾತಕ್ಕೆ ಬಿಟ್ಟೆ, ಇಲ್ಲದಿದ್ರೆ ನಿನ್ನ ರಾಗಿ ಒಂದು ದಂಟೂ ಉಳೀತಿರಲಿಲ್ಲ, ಶರಣು ಬೇರೆ ಯಾರಿಗಾದ್ರೂ ಹೇಳು ಅಂತು. ಏನೇ ಆದ್ರೂ ಸುಳ್ಳು ಹೇಳೋ ಹಸು ಅಲ್ಲ ಅದು.

ಆಮೇಲೆ ಗಾಳಿ ಬಂತಂತೆ. ಅಪ್ಪಾ ಗಾಳಿದೇವ, ಹೋದ ವರ್ಷ ಚೀಲ ತುಂಬ ಬೀಜ ಕೊಟ್ಟೋನು ನೀನೇನಾ ಅಂತ ಕೇಳಿದ್ಳು. ಗಾಳಿ ಹೇಳ್ತು, ಇಲ್ಲಮ್ಮ, ನಾನು ರಾಗಿ ಹೊಲದಲ್ಲಿ ಓಡಾಡಿ ಬರ್ತೀನಿ ನಿಜ, ಆದ್ರೆ ನಿನ್ನ ಹಳದಿ ಹೂವಿನ ಧೂಳು ಅಂಟು ಅಂಟು, ನಾನು ಎಷ್ಟು ಊದಿದ್ರೂ ಅಲ್ಲಾಡಲ್ಲ. ಜೊಳ್ಳು ಹಾರಿಸೋದಷ್ಟೇ ನನ್ನ ಕೈಲಾಗೋದು. ಹೂವಿಂದ ಹೂವಿಗೆ ಕಾಲಿಟ್ಟು ನಡೆಯೋರು ಬೇರೆ ಇದ್ರು, ಅವರು ಊರು ಬಿಟ್ಟು ಮೂರನೇ ಬೆಟ್ಟದ ಆಚೆ ಹೋದ್ರು, ನಾನೇ ದಾರಿ ಬಿಟ್ಟೆ ಅಂತಂತೆ.

ಮೂರು ಬೆಟ್ಟ ಹತ್ತಿ ಇಳಿದ್ಳು ನಿಂಗಾಜಿ. ಕಾಲಲ್ಲಿ ಬೊಬ್ಬೆ ಬಂತು, ಸೀರೆ ಮುಳ್ಳಿಗೆ ಸಿಕ್ಕಿ ಹರೀತು. ಮೂರನೇ ಬೆಟ್ಟದ ಆಚೆ ಒಂದು ದೊಡ್ಡ ಬಂಡೆ, ಬಂಡೆ ಸೀಳಿನಲ್ಲಿ ಗುಂಯ್ ಅನ್ನೋ ಸದ್ದು. ಹತ್ರ ಹೋಗ್ತಿದ್ದ ಹಾಗೆ ಆ ಸದ್ದು ಜೋರಾಯ್ತಂತೆ. ಒಂದು ಮುದಿ ಜೇನು ಹೊರಗೆ ಬಂದು ಅವಳ ಮೂಗಿನ ಮುಂದೆ ನಿಂತು, ಬರಬೇಡ, ನಿನ್ನ ಸೆರಗಿನಲ್ಲಿ ಇನ್ನೂ ಆ ಹೊಗೆ ವಾಸನೆ ಇದೆ ಅಂತಂತೆ.

ಅಷ್ಟೇ ಸಾಕಾಯ್ತು ನಿಂಗಾಜಿಗೆ. ಎಲ್ಲಾ ತಿಳೀತು. ಮುದಿ ಜೇನು ಹೇಳ್ತಾ ಹೋಯ್ತು, ಆ ಗಿಡದ ಹೂವು ಒಂಟಿಯಾಗಿ ಕಾಯಿ ಕಟ್ಟಲ್ಲ ಕಣಮ್ಮ, ಈ ಗಿಡದ ಧೂಳು ಆ ಗಿಡಕ್ಕೆ ಮುಟ್ಟಿಸಬೇಕು, ಆ ಗಿಡದ್ದು ಇನ್ನೊಂದಕ್ಕೆ. ಬೆಳಗಿಂದ ಸಂಜೆತನಕ ನಾವು ಆ ಕೆಲಸ ಮಾಡಿದ್ವಿ. ನಿನ್ನ ಗಾಣದಲ್ಲಿ ಬಂದ ಎಣ್ಣೆ ನಮ್ಮ ಕಾಲಿನ ಕೆಲಸ. ನೀನು ನಮ್ಮ ಮನೆಗೆ ಬೆಂಕಿ ಇಟ್ಟೆ, ತೊಟ್ಟಿಲಲ್ಲಿದ್ದ ಮಕ್ಕಳನ್ನೂ ಬಿಡಲಿಲ್ಲ.

ನಿಂಗಾಜಿ ಬಂಡೆ ಮುಂದೆ ಕುಸಿದು ಕೂತ್ಳಂತೆ. ಬೀಜ ಕೊಡಿ ಅಂತ ಕೇಳಲಿಲ್ಲ, ವಾಪಸ್ ಬನ್ನಿ ಅಂತಾನೂ ಕೇಳಲಿಲ್ಲ. ಕೇಳೋಕೆ ಬಾಯಿ ಎಲ್ಲಿಂದ ಬರಬೇಕು. ನನ್ನಿಂದ ತಪ್ಪಾಯ್ತು, ಉಪಕಾರ ತೀರಿಸ್ತೀನಿ ಅಂತ ಹೋಗಿ ಉಪಕಾರ ಮಾಡಿದವರ ಮನೆಯನ್ನೇ ಕಿತ್ತು ತಂದೆ ಅಂದ್ಳು. ಆಮೇಲೆ ಒಂದೊಂದಾಗಿ ಹೇಳ್ತಾ ಹೋದ್ಳಂತೆ. ನಿಮ್ಮಿಂದ ನನ್ನ ಗಂಡ ಹೊಟ್ಟೆ ತುಂಬ ಮೂರು ಮುದ್ದೆ ಉಂಡ, ಅದಕ್ಕೆ ನಿಮಗೆ ಶರಣು. ನಿಮ್ಮಿಂದ ನಮ್ಮ ಮೂಲೇಲೂ ಒಂದು ದೀಪ ಉರೀತು, ಅದಕ್ಕೆ ಶರಣು. ಬಿಸಿಲಲ್ಲಿ ನಾನು ಕಳೆ ಕೀಳೋವಾಗ ನಿಮ್ಮ ಸದ್ದು ಕಿವಿಗೆ ಬೀಳ್ತಿತ್ತು, ನಾನೊಬ್ಬಳೇ ಅಲ್ಲ ಅನ್ನಿಸ್ತಿತ್ತು, ಅದಕ್ಕೂ ಶರಣು. ಇಷ್ಟು ಹೇಳಿ ಎದ್ದು, ಬಂದ ದಾರಿ ಹಿಡಿದ್ಳಂತೆ.

ಆಗ ಮುದಿ ಜೇನು, ನಿಲ್ಲು ಅಂತು. ನಮ್ಮ ಹತ್ರ ಬಂದೋರೆಲ್ಲ ಕೈಯಲ್ಲಿ ಹೊಗೆ ತಂದೋರೇ, ಬಾಯಲ್ಲಿ ಒಳ್ಳೇ ಮಾತು ತಂದೋಳು ನೀನೊಬ್ಬಳೇ. ಬಂಡೆ ಕೆಳಗೆ ನೋಡು, ನಾವು ಇಲ್ಲಿಗೆ ಬಂದಾಗ ಅಲ್ಲೊಂದಿಷ್ಟು ನಿನ್ನ ಗಿಡ ಹೂಬಿಟ್ಟಿತ್ತು, ಹಕ್ಕಿ ತಿಂದು ಮಿಕ್ಕಿದ ಬೀಜ ತಗೊಂಡು ಹೋಗು ಅಂತಂತೆ. ಮತ್ತೆ ನೀವು ಬರ್ತೀರಾ ಅಂತ ನಿಂಗಾಜಿ ಹೆದರಿ ಹೆದರಿ ಕೇಳಿದ್ಳು. ಜೇನು ಹೇಳ್ತು, ಮಾತು ಕೊಡಲ್ಲ. ಮನೆ ಇದ್ರೆ, ಹೂವಿದ್ರೆ, ಹೊಗೆ ಇಲ್ಲದಿದ್ರೆ ನೋಡೋಣ.

ಎರಡೇ ಎರಡು ಬೊಗಸೆ ಬೀಜ ಸಿಕ್ತಂತೆ. ಅದನ್ನ ಮಡಿಲಲ್ಲಿ ಕಟ್ಕೊಂಡು, ಮಗು ಹೊತ್ತ ಹಾಗೆ ಹೊತ್ಕೊಂಡು ಬಂದ್ಳು. ಬಂದವಳೇ ಮೊದಲು ಪೊಟರೆಯ ಮಣ್ಣು ಬಿಡಿಸಿದ್ಳು. ಆಮೇಲೆ ಕುಂಬಾರನ ಮನೆಗೆ ಹೋಗಿ, ಬಾಯಿ ಮುಕ್ಕಾದ ಮೂರು ಮಡಕೆ ಕೇಳಿ ತಂದು, ಒಳಗೆ ಪೊಟರೇಲಿ ಅಂಟಿ ಉಳಿದಿದ್ದ ಜೇನುಮೇಣ ಸವರಿ, ಬಾಯಿ ಮುಚ್ಚಿ, ಜೇನು ಬಂದು ಸೇರಲಿ ಅಂತ ಕಿರುಬೆರಳು ಹೋಗೋಷ್ಟು ತೂತು ಬಿಟ್ಟಳು.

ಆಷಾಢ ಬಂತು, ಬಿತ್ತಿದ್ರು. ಎರಡು ಬೊಗಸೆ ಬೀಜ ಎಷ್ಟು ದೂರ ಬರುತ್ತೆ? ಬೂದಿ ಬೆರೆಸಿ ಬೆರೆಸಿ, ತೆಳ್ಳಗೆ ಬಿಟ್ಟು ಬಿಟ್ಟು ಮೂರು ಅಂಚಿಗೆ ಆಯ್ತು. ಹಿಂದಿನ ಅಂಚು, ಹೊಂಗೆ ಮರದ ಕಡೆದು, ಬಾಯಿ ತೆರೆದ ಹಾಗೆ ಖಾಲಿ ಉಳೀತಂತೆ. ನಿಂಗಾಜಿ ಆ ಖಾಲಿ ಬದುವಿನ ಮೇಲೆ ಮೂರು ಮಡಕೆ ಸಾಲಾಗಿ ಇಟ್ಳು. ಕಾವಲಿಗೆ ಅಂತ ಅಲ್ಲ, ಅಲ್ಲಿ ನೆರಳಿದೆ, ಬಂದ್ರೆ ಅವಕ್ಕೆ ತಂಪಾಗಿರಲಿ ಅಂತ ಅಷ್ಟೇ. ವಾರಗಿತ್ತಿಯರು ನೋಡಿ, ದನಕ್ಕೆ ನೀರಿಟ್ಟಿದಾಳೆ ಅಂತ ನಕ್ಕರಂತೆ.

ಗಿಡ ಬೆಳೀತು. ಮೊಗ್ಗು ಬಂತು. ಮಡಕೆ ಖಾಲಿ. ದಿನಾ ಬೆಳಗ್ಗೆ ಎದ್ದು ಹೋಗಿ ಮಡಕೆಗೆ ಕಿವಿ ಇಟ್ಟು ಕೇಳೋಳು, ಏನೂ ಇಲ್ಲ. ಹೂವು ಅರಳಿತು, ಸಾಲು ಹಳದಿಯಾಯ್ತು, ಆಗಲೂ ಏನೂ ಇಲ್ಲ. ಬೋರ ಬಿಡು ಅಂದ. ಬಿಡಲಿಲ್ಲ ಅವಳು. ಒಂದು ದಿನ ಬಿಸಿಲೇರೋ ಹೊತ್ತು, ರಾಗಿ ನಡುವೆ ಕಳೆ ಕೀಳ್ತಾ ಬಗ್ಗಿದ್ದಾಗ ಕಿವಿ ಹತ್ರ ಒಂದು ಸಣ್ಣ ಸದ್ದು ಹಾದು ಹೋಯ್ತಂತೆ. ತಲೆ ಎತ್ತಿ ನೋಡ್ತಾಳೆ, ಮೂರನೇ ಬೆಟ್ಟದ ಕಡೆಯಿಂದ ಒಂದು ಸಣ್ಣ ಮೋಡ ಬಂದ ಹಾಗೆ ಬರ್ತಿದೆ. ಬಂದು ಒಂದಷ್ಟು ಪೊಟರೆ ಸೇರಿತು, ಒಂದಷ್ಟು ಮಡಕೆ ಸೇರಿತು. ಸಂಜೆ ಹೊತ್ತಿಗೆ ಹುಚ್ಚೆಳ್ಳು ಸಾಲು ಪೂರ್ತಿ ಗುಂಯ್ ಅಂತಿತ್ತಂತೆ. ನಿಂಗಾಜಿ ಅವತ್ತು ಉಣ್ಣಲೂ ಇಲ್ಲ, ಹೊಟ್ಟೆ ತುಂಬಿಹೋಗಿತ್ತು.

ಇನ್ನೇನು ರಾಗಿ ಹಾಲು ಕಟ್ಟಿ ಗಟ್ಟಿಯಾಗ್ತಿದೆ, ಕೊಯ್ಲಿಗೆ ಇಪ್ಪತ್ತು ದಿನ ಇದೆ ಅನ್ನೋವಾಗ ಆಗಿದ್ದು ಕೇಳು. ಬೋರ ಬೇರೆಯವರ ಹೊಲಕ್ಕೆ, ಅವರು ಇವನ ಹೊಲಕ್ಕೆ ಬಂದ ಲೆಕ್ಕಕ್ಕೆ, ಮುಯ್ಯಾಳಾಗಿ ಹೋಗಿದ್ದ. ನಿಂಗಾಜಿ ಒಬ್ಬಳೇ. ಗೌಡನ ಹೋರಿ ಇದೆಯಲ್ಲ, ಬೆಟ್ಟದಿಂದ ಇಳಿಯೋವಾಗ ಅದಕ್ಕೆ ರಾಗಿ ವಾಸನೆ ಬಡೀತು. ದಾರಿ ಕಡೆ ಸಾಲು ಮೂಸಿತು, ಛೀ ಅಂತು. ಹಾಗೇ ಸುತ್ತು ಹಾಕ್ಕೊಂಡು ಹೊಂಗೆ ಮರದ ಕಡೆ ಬಂತು. ಅದರ ಹಿಂದೆ ಊರ ದನವೆಲ್ಲ ಬಂತು. ಅಲ್ಲಿ ಬೇಲಿಯಿಲ್ಲ, ಸಾಲಿಲ್ಲ. ನಿಂಗಾಜಿ ಕೋಲು ಹಿಡ್ಕೊಂಡು ಹೋ ಹೋ ಅಂತ ಕೂಗ್ತಾ ಓಡಿದ್ಳು, ಆದ್ರೆ ನೂರು ದನಕ್ಕೆ ಒಬ್ಬ ಹೆಂಗಸು ಏನು ಮಾಡ್ಯಾಳು. ಎಲ್ಲಾ ಮುಗೀತು ಅಂದ್ಕೊಂಡ್ಳಂತೆ.

ಹೋರಿ ಬದು ಹತ್ತಿತು. ಹತ್ತೋವಾಗ ಅದರ ಕೊಂಬು ನಡುವಿನ ಮಡಕೆಗೆ ತಗುಲಿ, ಮಡಕೆ ಒಂದು ಸುತ್ತು ಉರುಳಿತು. ಅಷ್ಟೇ ನೋಡು. ಆ ಮಡಕೆಯಿಂದ ಬಂದ್ವು, ಈ ಮಡಕೆಯಿಂದ ಬಂದ್ವು, ಪೊಟರೆಯಿಂದ ಬಂದ್ವು. ಹೋರಿ ಮೂತಿಗೆ ಹತ್ತು, ಕಿವಿಗೆ ಹತ್ತು, ಬಾಲದ ಬುಡಕ್ಕೆ ಇಪ್ಪತ್ತು. ಬಾಲ ನೆಟ್ಟಗೆ ಮೇಲಕ್ಕೆತ್ತಿ ಓಡಿದ ಹೋರಿ ಕೆರೆಗೆ ಬಿದ್ದು ಮೂಗು ಮಾತ್ರ ಹೊರಗೆ ಇಟ್ಕೊಂಡು ನಿಂತಿತಂತೆ, ಹಿಂದೆ ಬಂದ ದನವೆಲ್ಲ ದಿಕ್ಕಾಪಾಲಾಗಿ ಊರು ಸೇರಿದ್ವು. ನಿಂಗಾಜಿಗೂ ಮೂಗಿನ ತುದಿಗೆ ಒಂದು ಕಚ್ಚಿತ್ತು, ಬಜ್ಜಿ ಹಾಗೆ ಊದಿತ್ತು. ಅವಳು ಅದನ್ನ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದಂತೆ. ಆಮೇಲೆ ಉರುಳಿದ ಮಡಕೆಯನ್ನ ಮೆಲ್ಲಗೆ ಎತ್ತಿ, ಇದ್ದ ಜಾಗದಲ್ಲೇ ಕೂರಿಸಿ, ಕಣ್ಣು ತುಂಬ ಅದನ್ನೇ ನೋಡ್ತಾ ಕೂತ್ಳು.

ರಾಗಿ ಕೊ‌ಯ್ಲಾಯ್ತು, ಕೊಯ್ದ ಕೂಡಲೇ ಕಣ ಮಾಡಿದ್ರು. ನಿಂಗಾಜಿಗೆ ತಡಕೊಳ್ಳೋಕೆ ಆಗುತ್ತಾ ಮತ್ತೆ? ರಾಶಿ ಎಷ್ಟಾಯ್ತು ಅಂದ್ರೆ ರಾಶಿ ಈ ಕಡೆ ನಿಂತ ಬೋರ ಆ ಕಡೆ ನಿಂತವರಿಗೆ ಕಾಣ್ತಿರಲಿಲ್ಲವಂತೆ. ಗೌಡ ಬಂದ, ರಾಶಿಗೆ ಕೈ ಮುಗಿದ, ಮೂರು ಅಂದ. ಬೋರ, ಹೊಲ ನಿನ್ನದು. ನಿಂಗಾಜಿ, ನಾಳೆನೇ ಒಲೆ ಹೂಡ್ಕೊಳ್ಳಮ್ಮ.

ಆಗಿನ ಕಾಲದಲ್ಲಿ ಕಣದಲ್ಲಿ ಆಯ ಕೊಡೋದು ಅಂತ ಒಂದು ಪದ್ಧತಿ ಕೂಸೆ. ವರ್ಷವೆಲ್ಲ ರೈತನಿಗೆ ಕೆಲಸ ಮಾಡಿಕೊಟ್ಟೋರು ಕಣಕ್ಕೆ ಬರ್ತಾರೆ, ರಾಶಿಯಿಂದ ಅವರ ಪಾಲು ಅಳೀದೇ ಮನೆಗೆ ಒಂದು ಕಾಳೂ ಒಯ್ಯೋ ಹಾಗಿಲ್ಲ. ನೇಗಿಲು ಮಾಡಿದ ಬಡಗಿ ಬಂದ, ಅವನಿಗೆ ಒಂದು ಮೊರ. ಗುಳ ತಟ್ಟಿದ ಕಮ್ಮಾರ ಬಂದ, ಅವನಿಗೊಂದು ಮೊರ. ಬಟ್ಟೆ ಒಗೆದ ಮಡಿವಾಳ ಬಂದ, ಮಡಕೆ ಕೊಟ್ಟ ಕುಂಬಾರ ಬಂದ. ನಿಂಗಾಜಿ ಎಲ್ಲರಿಗೂ ಮೊರ ತುಂಬಿ, ಮೇಲೊಂದು ಬೊಗಸೆ ಹಾಕಿ ಕೊಟ್ಳಂತೆ. ಆಯ ಎಲ್ಲಾ ಆಯ್ತಲ್ಲ, ರಾಗಿ ಮನೆಗೆ ಹೊರಿ ಅಂದ ಗೌಡ.

ಅಷ್ಟು ಹೊತ್ತಿಗೆ ಕೊಯ್ಲಿನೋರು ಕುಡುಗೋಲು ತಗೊಂಡು ಹುಚ್ಚೆಳ್ಳು ಸಾಲಿಗೆ ಇಳಿದಿದ್ರು. ಎರಡು ಅಂಚು ಬಲಿತಿತ್ತು, ಅದನ್ನ ಕೊಯ್ದರು, ಒಂದೊಂದು ತಲೇಲೂ ಗಟ್ಟಿ ಕರೀ ಬೀಜ. ಮೂರನೇ ಅಂಚಿನಲ್ಲಿ ಇನ್ನೂ ಹೂವಿತ್ತು, ಹೂವಿನ ಮೇಲೆ ಜೇನಿತ್ತು. ಅದನ್ನೂ ಒಟ್ಟಿಗೇ ಕೊಯ್ದು ದಾರಿ ಬಿಡಿಸೋಣ ಅಂತ ಒಬ್ಬ ಬಗ್ಗಿದ. ನಿಂಗಾಜಿ ಓಡಿಹೋಗಿ ಕುಡುಗೋಲಿನ ಮುಂದೆ ನಿಂತ್ಕೊಂಡ್ಳಂತೆ. ಇದನ್ನ ಯಾರೂ ಮುಟ್ಟಬೇಡಿ. ಗೌಡರೇ, ನನ್ನ ಕಣದಲ್ಲಿ ಇನ್ನೊಂದು ಆಯ ಬಾಕಿ ಇದೆ. ಈ ಸಾಲು ಅವರದು. ಕೊನೇ ಹೂವು ತಾನಾಗಿ ಉದುರೋತನಕ ಇದು ಅವರದು.

ವಾರಗಿತ್ತಿಯರು ಕಿಸಕ್ಕನೆ ನಕ್ಕರು. ಜೇನುಹುಳ ಮೊರ ಹಿಡ್ಕೊಂಡು ಆಯ ಕೇಳೋಕೆ ಬಂದಿದ್ವಾ ಅಂದ್ರು. ಕಣದಲ್ಲಿದ್ದೋರೆಲ್ಲ ನಕ್ಕರಂತೆ. ನಿಂಗಾಜಿ ನಗಲಿಲ್ಲ. ಅವು ಕೇಳೋಕೆ ಬರಲ್ಲ, ಅದಕ್ಕೇ ನಾನು ಮರೆತಿದ್ದೆ ಅಂದ್ಳು.

ಗೌಡ ಮೀಸೆ ತಿರುವಿದ. ಆಮೇಲೆ ಅಂದ್ನಂತೆ, ಕೆಲಸ ಮಾಡಿದೋರಿಗೆ ಆಯ ಕೊಡಬೇಕು ಅಂತ ಕಟ್ಟಳೆ ಇದೆ, ಅವರಿಗೆ ಎರಡೇ ಕಾಲಿರಬೇಕು ಅಂತ ನಮ್ಮಪ್ಪನೂ ಹೇಳಿಲ್ಲ, ನಮ್ಮಜ್ಜನೂ ಹೇಳಿಲ್ಲ. ಕೊಡಮ್ಮ. ಕೊಯ್ಲಿನವನು ಕುಡುಗೋಲನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡ. ಒಬ್ಬೊಬ್ಬರೇ ಮೊರ ಹೊತ್ಕೊಂಡು ಮನೆಗೆ ಹೋದ್ರು. ನಿಂಗಾಜಿ ಮಾತ್ರ ಹೋಗಲಿಲ್ಲ. ಆ ಹೂವಿನ ಸಾಲಿನ ಮುಂದೆ ನಿಂತು, ಎರಡೂ ಕೈ ಜೋಡಿಸಿ ಮುಗಿದ್ಳಂತೆ. ಜೇನುಗಳು ತಿರುಗಿ ನೋಡಲಿಲ್ಲ. ಅವಕ್ಕೆ ಕೆಲಸ ಇತ್ತು.

ಮಾರನೇ ದಿನ ನಿಂಗಾಜಿ ಒಲೆ ಹೂಡಿದ್ಳು, ಬೀಜ ಬಡಿದು ಗಾಣ ಆಡಿಸಿದ ಮೇಲೆ ಹುಚ್ಚೆಳ್ಳೆಣ್ಣೇಲಿ ಒಗ್ಗರಣೆ ಹಾಕಿದ್ಳು, ವಾರಗಿತ್ತಿಯರನ್ನೂ ಕರೆದು ಉಣ್ಣಕ್ಕಿಟ್ಳು, ಅವರು ಬೆರಳು ನೆಕ್ಕೊಂಡು ಉಂಡರು, ಬೀಜ ಕೊಡು ಅಂತ ಸೆರಗೊಡ್ಡಿದ್ರು, ಅವಳು ಕೊಟ್ಳು. ಅವಳೂ ಬೋರನೂ ಹುಟ್ಟಿದ ಮಕ್ಕಳೂ ಆ ಹೊಲದಲ್ಲೇ ಉಂಡು ಉಟ್ಟು ಸುಖವಾಗಿದ್ರಂತೆ. ಅವರ ಕತೆ ಅಲ್ಲಿಗೆ ಮುಗೀತು, ನನ್ನ ಬಾಯಿ ಇಲ್ಲಿಗೆ ಒಣಗಿತು.

ಹ್ಞೂಂ ಅನ್ನಲ್ವಾ? ಆಯ್ತು ಬಿಡು, ಮಲ್ಕೋ ನನ್ನ ಬಂಗಾರ.